ಸಹಾಯ ಬೇಕು: ಇಂಟರ್ನ್‌ಶಿಪ್ ಅರ್ಜಿಯ ಪಾಲಿಸಿ ಬ್ರೀಫ್ ಬಗ್ಗೆ
ಎಲ್ಲರಿಗೂ ನಮಸ್ಕಾರ. ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿನಿ. ಆರೋಗ್ಯ ನೀತಿ ಸಂಶೋಧನೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದೇನೆ. ಜೊತೆಗೆ ಎರಡು ಪುಟದ ಪಾಲಿಸಿ ಬ್ರೀಫ್ (ಒಂದು ನೀತಿಯ ಬಗ್ಗೆ ಅಧಿಕಾರಿಗಳಿಗಾಗಿ ಬರೆಯುವ ಚಿಕ್ಕ ಟಿಪ್ಪಣಿ) ಕೇಳಿದ್ದಾರೆ.

ಸಿಹಿ ಪಾನೀಯಗಳ ಮೇಲಿನ ತೆರಿಗೆ ಆರಿಸಿಕೊಂಡಿದ್ದೇನೆ. ಮೆಕ್ಸಿಕೊ 2014ರಲ್ಲಿ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು, ಜನ ಕೊಳ್ಳುವುದು ಇಳಿಯಿತು. ಬ್ರಿಟನ್ 2018ರಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಿ ತೆರಿಗೆ ಹಾಕಿತು. ಆಗ ಕಂಪನಿಗಳೇ ಸಕ್ಕರೆ ಕಡಿಮೆ ಮಾಡಿದವು. ನನಗೆ ಇದೇ ಜಾಸ್ತಿ ಹಿಡಿಸಿತು. ಜನ ಅಭ್ಯಾಸ ಬದಲಿಸದಿದ್ದರೂ ಲಾಭ ಸಿಗುತ್ತದೆ, ಅಲ್ವಾ?

ಕಷ್ಟ ಇರುವುದು ಇಲ್ಲಿ. ಮಾರಾಟ ಇಳಿದದ್ದಕ್ಕೆ ನೇರ ಅಂಕಿಗಳಿವೆ. ಕಾಯಿಲೆ ಎಷ್ಟು ಇಳಿಯುತ್ತದೆ ಎಂಬುದು ಬಹುಮಟ್ಟಿಗೆ ಮಾಡೆಲ್ ಲೆಕ್ಕ, ಅಂದರೆ ಗಣಿತದಿಂದ ಹಾಕಿದ ಅಂದಾಜು. ಈ ವ್ಯತ್ಯಾಸವನ್ನು ಅಧಿಕಾರಿಗಳಿಗೆ ಅರ್ಥವಾಗುವ ಹಾಗೆ, ವಾದ ಸಡಿಲವಾಗದ ಹಾಗೆ ಹೇಗೆ ಬರೆಯಲಿ? ಇಂಥ ಬ್ರೀಫ್ ಬರೆದವರು ದಯವಿಟ್ಟು ಹೇಳಿ. ಯಾರಾದರೂ ಕರಡು ಓದಿಕೊಟ್ಟರೆ ತುಂಬಾ ಉಪಕಾರವಾಗುತ್ತದೆ.