ಗಬ್ಬದ ಕೊನೆ ತಿಂಗಳುಗಳಲ್ಲಿ ಮೇವು ಕಡಿಮೆ ಮಾಡಿದರೆ ಕರು ಸಲೀಸಾಗಿ ಹುಟ್ಟುತ್ತಾ?

ಹುಲ್ಲುಗಾವಲು:
ನಮ್ಮವು ಮಾಂಸದ ತಳಿಯ ಹಸುಗಳು, ಮೊದಲ ಸೂಲಿನ ಕಡಸುಗಳೂ ಇವೆ. ಎಲ್ಲಕ್ಕೂ ಈಗ ಆರು ತಿಂಗಳು ತುಂಬಿದೆ. ಇನ್ನು ಮೇವು ಇಳಿಸಿ, ಕರು ಚಿಕ್ಕದಾಗುತ್ತೆ, ಹೆರಿಗೆ ಸುಲಭ ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಸದ್ಯ ಒಣಹುಲ್ಲು ಮಾತ್ರ ಹಾಕುತ್ತಿದ್ದೇನೆ, ಅದು ಬೇಕಾದಷ್ಟಿದೆ. ತೂಕವೂ ಹೋದ ತಿಂಗಳಷ್ಟೇ ಇದೆ, ಇಳಿದಿಲ್ಲ. ಇಷ್ಟು ಸಾಕಾ?

ಮೂರನೇಸೂಲು:
ದಯವಿಟ್ಟು ಇಳಿಸಬೇಡಿ. ಕರುವಿನ ಬೆಳವಣಿಗೆಯ ಸುಮಾರು 75% ಆಗುವುದೇ ಕೊನೆಯ ಎರಡು ಮೂರು ತಿಂಗಳಲ್ಲಿ, ಹಾಗಾಗಿ ಮೇವು ಕಡಿದರೆ ಕರು ಸ್ವಲ್ಪ ಹಗುರ ಆಗಬಹುದು, ಆದರೆ ಹೆರಿಗೆ ತೊಂದರೆ ಅದರಿಂದ ತಪ್ಪುವುದಿಲ್ಲ. ತಾಯಿಗೆ ತಿಣುಕಲು ಕಸುವೇ ಇರುವುದಿಲ್ಲ. ಹೆರಿಗೆ ಎಳೆದಾಡುತ್ತದೆ, ಹುಟ್ಟಿದ ಕರು ಎದ್ದು ನಿಂತು ಮೊಲೆ ಹಿಡಿಯುವುದೂ ತಡ. ರೋಗ ತಡೆಯುವ ಶಕ್ತಿ ದನಗಳಲ್ಲಿ ಹೊಟ್ಟೆಯೊಳಗೇ ಕರುವಿಗೆ ದಾಟುವುದಿಲ್ಲ, ಗಿಣ್ಣು ಹಾಲಿನಿಂದಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ. 24 ಗಂಟೆ ಕಳೆದರೆ ಕರುಳು ಅದನ್ನು ಹೀರುವುದೇ ಇಲ್ಲ. ಕರು ಚಿಕ್ಕದಿರಬೇಕು ಅಂದರೆ ಹೋರಿ ಆರಿಸುವಾಗಲೇ ನೋಡಬೇಕಿತ್ತು, ಈಗ ತಾಯಿಯನ್ನು ಉಪವಾಸ ಕೆಡವಿ ಅಲ್ಲ.

ಇನ್ನೊಂದು. ತೂಕ ಇಳಿದಿಲ್ಲ ಅಂದಿರಲ್ವಾ, ನನಗೆ ಭಯ ಇರುವುದು ಅಲ್ಲೇ. ಈ ಕೊನೆಯ ಹಂತದಲ್ಲಿ ಕರು, ನೀರು, ಮಾಸು ಎಲ್ಲ ಸೇರಿ ದಿನಕ್ಕೆ ಸರಾಸರಿ ಅರ್ಧ ಕೆಜಿಯಷ್ಟು ಏರಬೇಕು. ತಕ್ಕಡಿ ಅಲ್ಲಾಡದೆ ನಿಂತಿದೆ ಅಂದರೆ ತಾಯಿ ತನ್ನ ಮೈ ಕರಗಿಸಿ ಕರುವನ್ನು ಬೆಳೆಸುತ್ತಿದ್ದಾಳೆ.

ಕೈನೋಟ:
ಅದಕ್ಕೇ ತಕ್ಕಡಿ ಬಿಟ್ಟು ಕೈಯಿಟ್ಟು ನೋಡಿ. ಕೂದಲು ದಟ್ಟವಾಗಿದ್ದರೆ ಕಣ್ಣು ಮೋಸ ಹೋಗುತ್ತದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ, ಬಾಲದ ಬುಡ ಮುಟ್ಟಿ 1ರಿಂದ 9ರವರೆಗೆ ಅಂಕ ಕೊಡಿ, 1 ಅಂದರೆ ತೀರಾ ಬಡಕಲು, 9 ಅಂದರೆ ತೀರಾ ಕೊಬ್ಬಿದ್ದು. ಕರು ಹಾಕುವ ಹೊತ್ತಿಗೆ ದೊಡ್ಡ ಹಸು 5, ಕಡಸು 6 ಇರಬೇಕು. ಒಂದು ಅಂಕ ಅಂದರೆ ಸುಮಾರು 35ರಿಂದ 40 ಕೆಜಿ ಮೈ, ಅದನ್ನು ಈಗಲೇ ತುಂಬಿಸಬೇಕು. ಹಾಲು ಶುರುವಾದ ಮೇಲೆ ಎಷ್ಟು ಹಾಕಿದರೂ ಅದು ಹಾಲಿಗೇ ಹೋಗುತ್ತದೆ, ಮೈಗೆ ಹತ್ತುವುದು ಬಹಳ ಕಷ್ಟ. ಗಬ್ಬವೇ ಸುಮಾರು 283 ದಿನ, ವರ್ಷಕ್ಕೊಂದು ಕರು ಬೇಕಾದರೆ ಹೆತ್ತು 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬಡಕಲು ಹಸು ಅಷ್ಟರಲ್ಲಿ ಬೆದೆಗೇ ಬರದೆ ಇರಬಹುದು. ಕಡಸುಗಳನ್ನು ಬೇರೆ ಕಟ್ಟಿ, ಅವು ಇನ್ನೂ ತಾವೇ ಬೆಳೆಯುತ್ತಿವೆ, ದೊಡ್ಡವು ನೂಕಿ ತಿಂದುಬಿಡುತ್ತವೆ.

ಹಿಂಡಿಬುಟ್ಟಿ:
ಒಣಹುಲ್ಲು ಬೇಕಾದಷ್ಟಿದೆ ಅಂದರೆ ಹೊಟ್ಟೆ ತುಂಬುತ್ತೆ, ಅಷ್ಟೇ. ಬಲಿತು ಒಣಗಿದ ಹುಲ್ಲಿನಲ್ಲಿ ಪ್ರೋಟೀನ್ 7%ಗಿಂತ ಕಡಿಮೆ ಇದ್ದರೆ ಮೆಲುಕು ಚೀಲದ ಸೂಕ್ಷ್ಮಜೀವಿಗಳೇ ಸೊರಗುತ್ತವೆ, ಹುಲ್ಲು ನಿಧಾನಕ್ಕೆ ಕರಗುತ್ತದೆ, ಹಸು ತಿನ್ನುವುದೂ ಕಡಿಮೆ ಆಗುತ್ತದೆ. ಅದರ ಮೇಲೆ ಬೆಳೆಯುವ ಕರು ಆ ಚೀಲವನ್ನೇ ಒತ್ತುತ್ತಿರುತ್ತದೆ. ಸ್ವಲ್ಪ ಹಿಂಡಿ ಕೊಟ್ಟರೆ ಅದೇ ಹುಲ್ಲು ಜಾಸ್ತಿ ದಕ್ಕುತ್ತದೆ. ಲಾಭ ಮುಂದಿನ ಪೀಳಿಗೆಗೂ ಹೋಗುತ್ತದೆ: ಅಮೆರಿಕದ ನೆಬ್ರಾಸ್ಕಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕೊನೆಯ ತಿಂಗಳುಗಳಲ್ಲಿ ಪ್ರೋಟೀನ್ ಪಡೆದ ಹಸುಗಳ ಹೆಣ್ಣುಕರುಗಳು ದೊಡ್ಡವಾದ ಮೇಲೆ ಗಬ್ಬ ನಿಂತದ್ದು 93%, ಪಡೆಯದವುಗಳ ಮಕ್ಕಳು 80%.

ಖನಿಜ ಮಿಶ್ರಣ ಮರೆಯಬೇಡಿ. ಹಾಲಿನಲ್ಲಿ ತಾಮ್ರ ತುಂಬಾ ಕಡಿಮೆ, ಕರು ಹೊಟ್ಟೆಯೊಳಗಿದ್ದಾಗ ಲಿವರ್‌ನಲ್ಲಿ ಕೂಡಿಟ್ಟುಕೊಂಡದ್ದೇ ಅದಕ್ಕೆ ಆಧಾರ. ಸೆಲೆನಿಯಂ ಕಮ್ಮಿಯಾದರೆ ಕರುವಿನ ಸ್ನಾಯು ಕೆಡುತ್ತದೆ. ಹಸಿರು ಇಲ್ಲದೆ ಬಹಳ ದಿನವಾಗಿದ್ದರೆ ವಿಟಮಿನ್ ಎ ಕೂಡ ಬೇಕು.

ಹುಲ್ಲುಗಾವಲು:
ತುಂಬಾ ಥ್ಯಾಂಕ್ಸ್. ಇವತ್ತೇ ಕಡಸುಗಳನ್ನು ಬೇರೆ ಮಾಡಿದೆ. ಮುಟ್ಟಿ ನೋಡಿದರೆ ಹೆಚ್ಚಿನವು 4, ಎರಡು ಹಸು ಮಾತ್ರ 7 ದಾಟಿವೆ. ಅವಕ್ಕೂ ಹಿಂಡಿ ಬೇಕಾ?

ಕೈನೋಟ:
ಅವೆರಡಕ್ಕೆ ಬೇಡ. ಕೊಬ್ಬು ಹೆರಿಗೆ ದಾರಿಯಲ್ಲೂ ತುಂಬಿಕೊಂಡು ಕರು ಹೊರಬರಲು ಕಷ್ಟ ಮಾಡುತ್ತದೆ. ಹಾಗಂತ ಸೊರಗಿಸಲೂ ಬೇಡಿ, ಹುಲ್ಲು ಮತ್ತು ಖನಿಜ ಮಿಶ್ರಣ ಹಾಗೇ ಮುಂದುವರಿಸಿ. ಹಿಂಡಿ ಎಲ್ಲ ಆ 4 ಇರುವವಕ್ಕೆ ಹೋಗಲಿ, ತಿಂಗಳು ಬಿಟ್ಟು ಮತ್ತೆ ಮುಟ್ಟಿ ನೋಡಿ ಇಲ್ಲಿ ಬರೆಯಿರಿ.