‘ಹಬ್ಬು’, ‘ಹರಡು’ ಎರಡೂ ಒಂದೇನಾ?

ಪ್ರಶ್ನೆ:
ಒಂದು ಲೇಖನ ಎಡಿಟ್ ಮಾಡ್ತಿದೀನಿ, ಅದ್ರಲ್ಲಿ ಒಂದ್ಕಡೆ ‘ವದಂತಿ ಹಬ್ಬಿತು’, ಇನ್ನೊಂದ್ಕಡೆ ‘ರೋಗ ಹರಡಿತು’, ಕೊನೇಲಿ ‘ಭಯ ವ್ಯಾಪಿಸಿತು’ ಅಂತಿದೆ. ಎಲ್ಲಾ ಕಡೆ ‘ಹರಡು’ ಅಂತಾನೇ ಹಾಕಿದ್ರೆ ಏನಾದ್ರೂ ಕೆಡುತ್ತಾ? ಹಾಗೇ, ‘ಹಬ್ಬು’ಗೂ ಹಬ್ಬಕ್ಕೂ ನಂಟಿದ್ಯಾ?

ಉತ್ತರ 1:
ಕೆಡುತ್ತೆ ಸಾರ್. ‘ಹರಡು’ ಎರಡೂ ಕಡೆ ನಡೆಯುತ್ತೆ, ಸುದ್ದಿ ತಾನಾಗೇ ಹರಡುತ್ತೆ, ಬಟ್ಟೇನ ಬಿಸಿಲಿಗೆ ನಾವೇ ಹರಡ್ತೀವಿ. ಆದ್ರೆ ಟೇಬಲ್ ಮೇಲೆ ಪೇಪರ್ ಹಬ್ಬಿದೆ ಅಂತ ಯಾರೂ ಅನ್ನಲ್ಲ. ಹಬ್ಬೋದು ತಾನಾಗೇ ಆಗ್ಬೇಕು, ನಿಧಾನಕ್ಕೆ, ಹಿಂದಿನ ಕೊಂಡಿ ಕಳಚದ ಹಾಗೆ. ಬಳ್ಳಿ ನೋಡಿ, ಬುಡ ಇದ್ದಲ್ಲೇ ಇರುತ್ತೆ, ತುದಿ ಮಾತ್ರ ಸಿಕ್ಕಿದ್ದನ್ನ ಸುತ್ಕೊಂಡು ಮುಂದ್ಮುಂದಕ್ಕೆ ಹೋಗ್ತಾನೇ ಇರುತ್ತೆ. ವದಂತಿ ಬಾಯಿಂದ ಬಾಯಿಗೆ ಹೋಗೋದೂ ಹಂಗೇ ತಾನೆ. ಬೇರೆಯವ್ರು ಮಾಡಿದ್ದಾದ್ರೆ ‘ಹಬ್ಬಿಸು’: ಬಳ್ಳೀನ ಚಪ್ಪರಕ್ಕೆ ಹಬ್ಬಿಸಿದ್ರು, ಸುಳ್ಳುಸುದ್ದಿ ಹಬ್ಬಿಸಿದ್ರು.

ಉತ್ತರ 2:
ಹಬ್ಬಕ್ಕೂ ಇದಕ್ಕೂ ನಂಟಿಲ್ಲ, ಕಿವಿಗೆ ಒಂದೇ ಥರ ಕೇಳುತ್ತೆ ಅಷ್ಟೆ. ಹಬ್ಬ ಸಂಸ್ಕೃತದ ‘ಪರ್ವ’ದ ತದ್ಭವ. ‘ಹಬ್ಬು’ ಹಳಗನ್ನಡದ ‘ಪರ್ಬು’, ಕರ್ಬು ಹೋಗಿ ಕಬ್ಬಾಯ್ತಲ್ಲ ಹಾಗೆ ಮಧ್ಯದ ರಕಾರ ಬಿದ್ದೋಯ್ತು, ಪಾಲು ಹಾಲಾದ ಹಾಗೆ ಪಕಾರ ಹಕಾರ ಆಯ್ತು. ‘ಪಸರಿಸು’ ಮಾತ್ರ ಸಂಸ್ಕೃತದ ‘ಪ್ರಸರ’ದ ಕಡೆಯಿಂದ ಬಂದಿದ್ದು, ಘಮಕ್ಕೆ ನಂಗೆ ಅದೇ ಇಷ್ಟ.

ಉತ್ತರ 3:
ಒಂದು ಬಿಟ್ರಿ. ‘ಪಶ್ಚಿಮ ಘಟ್ಟ ಗುಜರಾತಿಂದ ತಮಿಳುನಾಡಿನವರೆಗೆ ಹಬ್ಬಿದೆ’ ಅಂತೀವಲ್ಲ, ಅಲ್ಲಿ ಯಾವ್ದೂ ಚಲಿಸ್ತಾ ಇಲ್ಲ, ಆದ್ರೂ ಕಣ್ಣು ಸಾಲುಗುಂಟ ಹೋಗುತ್ತೆ. ಅಲ್ಲಿ ‘ಹರಡಿದೆ’ ಅಂದ್ರೂ ತಪ್ಪಲ್ಲ, ಆದ್ರೆ ಆ ಉದ್ದ ಕಾಣಲ್ಲ. ‘ವ್ಯಾಪಿಸು’ ಅಂದ್ರೆ ಒಂದು ಮೂಲೇನೂ ಬಿಡದೆ ತುಂಬ್ಕೊಳೋದು, ಸರ್ವವ್ಯಾಪಿ ಅನ್ನೋದು ಅದಕ್ಕೇ. ‘ಕವಿ’ ಮೇಲಿಂದ ಬರ್ಬೇಕು, ಮೋಡ, ಕತ್ತಲೆ. ‘ಆವರಿಸು’ ಸುತ್ತ ಮುಚ್ಕೊಳೋದು, ಹಂಗಾಗಿ ಭಯಕ್ಕೆ ‘ಆವರಿಸಿತು’ ಅಂತಾನೂ ಹಾಕ್ಬಹುದು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಂಗಾದ್ರೆ ರೋಗ? ಅದೂ ನಿಧಾನಕ್ಕೇ ಹೋಗುತ್ತಲ್ವಾ?

ಉತ್ತರ 1:
ಒಬ್ರಿಂದ ಒಬ್ರಿಗೆ ದಾಟಿದ್ರೆ ‘ಹರಡು’ ಅಂತಾನೇ ಬಿಡಿ. ಒಬ್ರ ಮೈಯೊಳಗೇ ಬೆಳೀತಾ ಹೋಗೋದಾದ್ರೆ ‘ಸೋಂಕು ಶ್ವಾಸಕೋಶಕ್ಕೂ ವ್ಯಾಪಿಸಿದೆ’ ಅಂತ ಬರೀರಿ.