ಅಪ್‌ಡೇಟ್: ಸೆಕೆಂಡ್ ಪಿಯುಸಿ ಮತ್ತು ಸೀರಿಯಲ್

ಪಿಯುಸಿ ಮಧ್ಯೆ ಸೀರಿಯಲ್ ಒಪ್ಕೊಳ್ಳಲಾ ಅಂತ ಕೇಳಿದ್ದೆನಲ್ಲ, ಒಪ್ಕೊಂಡೆ. ನಾಯಕನ ತಂಗಿ ಪಾತ್ರ. ಪರೀಕ್ಷೆ ತಿಂಗಳು ಶೂಟಿಂಗ್ ಇಲ್ಲ ಅಂತ ಅಪ್ಪ ಅಗ್ರಿಮೆಂಟ್‌ನಲ್ಲೇ ಬರೆಸಿದರು. ಪೋರ್ಟ್‌ಫೋಲಿಯೊಗೆ (ಚಾನ್ಸ್ ಕೇಳೋಕೆ ತೋರಿಸೋ ಫೋಟೊಗಳಿಗೆ) ದುಡ್ಡು ಕೇಳ್ತಿದ್ದ ಏಜೆಂಟ್‌ಗೆ ಒಂದು ಪೈಸೆ ಕೊಟ್ಟಿಲ್ಲ.

ಡೈಲಾಗ್ ಎಲ್ಲಾ ಬಾಯಿಪಾಠ ಮಾಡ್ಕೊಂಡು ಹೋದರೆ ಸೆಟ್‌ನಲ್ಲಿ ಸೀನ್ ಪೇಪರೇ ಬದಲಾಗಿತ್ತು! ಕ್ಯಾಮೆರಾ ಪಕ್ಕ ನಿಂತು ಅಸೋಸಿಯೇಟ್ ಡೈರೆಕ್ಟರ್ ಒಂದೊಂದೇ ಸಾಲು ಪ್ರಾಂಪ್ಟ್ ಮಾಡ್ತಾರೆ. ಅದು ಕಿವಿಗೆ ಬೀಳ್ತಿದ್ದರೂ ಬೀಳದವಳ ಹಾಗೆ ಎದುರಿನವರನ್ನೇ ನೋಡ್ತಾ ಹೇಳಬೇಕು. ಗ್ಲಿಸರಿನ್ ಹಾಕ್ಕೊಂಡು ಅಳೋದೇ ಸುಲಭ ಮಾರಾಯ್ರೆ. ಮೇಲಿಂದ ಕಂಟಿನ್ಯೂಟಿ ಕಾಟ: ಹಿಂದಿನ ಶಾಟ್‌ನಲ್ಲಿ ಬಲ ಭುಜದ ಮೇಲಿದ್ದ ಜಡೆ ಈಗಲೂ ಅಲ್ಲೇ ಇರಬೇಕು.

ಶೂಟಿಂಗ್‌ಗೆ ದಿನಕ್ಕೆ 5 ಗಂಟೆ ಮಿತಿ ಇದೆ ಅಂತ ಒಬ್ಬರು ಹೇಳಿದ್ದಿರಿ. ಅದು 14 ತುಂಬದ ಮಕ್ಕಳಿಗೆ. ಅವರ ಸಂಪಾದನೆಯ ಕನಿಷ್ಠ ಶೇ. 20 ಅವರ ಹೆಸರಲ್ಲೇ ಎಫ್‌ಡಿ ಇಡಬೇಕು ಅಂತಲೂ ನಿಯಮ ಇದೆ. ನನಗೆ 17, ಆದರೂ ಅಮ್ಮ ಆ ಎಫ್‌ಡಿ ಮಾತು ಬಿಗಿಯಾಗಿ ಹಿಡ್ಕೊಂಡಿದ್ದಾರೆ.

ಡಿಗ್ರಿ ಆದ್ಮೇಲೆ ಹೆಗ್ಗೋಡಿನ ನಾಟಕ ಶಾಲೆ ನೀನಾಸಂಗೆ ಅರ್ಜಿ ಹಾಕ್ತೀನಿ. ಸಿನಿಮಾದ ಆಸೆ ಇರೋಳಿಗೆ ನಾಟಕ ಯಾಕೆ ಅಂದವರಿಗೆ: ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇಬ್ಬರೂ ಅಲ್ಲೇ ಕಲಿತವರು.